ಸರ್ಕಾರಿ ಖರೀದಿ ಮತ್ತು ಅರಣ್ಯ: ಸರಕಿನ ಮೂಲ ಕೇಳುವ ಟೆಂಡರ್ ನಿಯಮಗಳು

ಕಚೇರಿ, ಶಾಲೆ, ಆಸ್ಪತ್ರೆ, ರೈಲು, ಸೈನ್ಯ, ಪಡಿತರ ಇವುಗಳಿಗಾಗಿ ಸರ್ಕಾರ ಮರ, ಕಾಗದ, ಅಡುಗೆ ಎಣ್ಣೆ, ರಬ್ಬರು, ಚರ್ಮ ಮೊದಲಾದ ಸರಕುಗಳನ್ನು ಕೊಳ್ಳುತ್ತದೆ. ಇಂಥ ಸರಕು ಕಾಡು ಕಡಿದ ನೆಲದಿಂದ ಬಂದದ್ದಾಗಿರಬಾರದು ಎಂಬ ಷರತ್ತನ್ನು ಖರೀದಿಯ ನಿಯಮದಲ್ಲೇ ಸೇರಿಸುವ ಪದ್ಧತಿಯನ್ನು ಅರಣ್ಯನಾಶಮುಕ್ತ ಸರ್ಕಾರಿ ಖರೀದಿ ಎನ್ನುತ್ತಾರೆ. ಅರಣ್ಯ ಕಾಯ್ದೆ ಕಾಡಿನ ಗಡಿಯಲ್ಲಿ ನಿಂತು ಕೊಡಲಿಯನ್ನು ತಡೆಯುತ್ತದೆ. ಖರೀದಿ ನಿಯಮ ಕೆಲಸ ಮಾಡುವುದು ಸರಪಳಿಯ ಇನ್ನೊಂದು ತುದಿಯಲ್ಲಿ: ಬಿಲ್ ಪಾಸಾಗಬೇಕಾದರೆ ಸರಕು ಎಲ್ಲಿಂದ ಬಂತೆಂದು ತೋರಿಸು ಎಂದು ಅದು ಕೇಳುತ್ತದೆ. ಭಾರತದಲ್ಲಿ ಎಲ್ಲ ಹಂತದ ಸರ್ಕಾರಗಳ ಖರೀದಿ ಸೇರಿದರೆ ದೇಶದ ಒಟ್ಟು ಉತ್ಪನ್ನದ ಸುಮಾರು ಐದನೇ ಒಂದು ಪಾಲಾಗುತ್ತದೆ ಎಂಬ ಅಂದಾಜು ಬಳಕೆಯಲ್ಲಿದೆ. ಇಷ್ಟು ದೊಡ್ಡ ಗಿರಾಕಿ ಹಾಕುವ ಷರತ್ತು ಮಾರುಕಟ್ಟೆಯ ದಿಕ್ಕನ್ನೇ ತಿರುಗಿಸಬಲ್ಲದು.

ಕರ್ನಾಟಕದಲ್ಲಿ ಈ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಸರ್ಕಾರ ಕೊಳ್ಳುವ ರೀತಿ ಕಾಡನ್ನು ಹೇಗೆ ಕರಗಿಸಿತು, ಅದೇ ರೀತಿ ಬದಲಾದಾಗ ಕಾಡಿನ ಮೇಲಿನ ಹೊರೆ ಹೇಗೆ ಇಳಿಯಿತು ಎಂಬುದಕ್ಕೆ ಇಲ್ಲಿ ನೂರೈವತ್ತು ವರ್ಷಗಳ ಸಾಕ್ಷ್ಯವಿದೆ.

ಹಳಿಯ ಕೆಳಗಿನ ಕಾಡು

ತುಮಕೂರು ನಗರದ ಹೊರಗೆ, ಬೆಂಗಳೂರು ಹೆದ್ದಾರಿಯ ಮೇಲೆ ಹಿರೇಹಳ್ಳಿ ಇದೆ. ಕೈಗಾರಿಕಾ ಪ್ರದೇಶ, ತೋಟಗಾರಿಕಾ ಸಂಶೋಧನೆಯ ಕೇಂದ್ರ, ಚಿಕ್ಕದೊಂದು ರೈಲು ನಿಲ್ದಾಣ ಇಲ್ಲಿವೆ. ದೇವರಾಯನದುರ್ಗದ ಬೆಟ್ಟಕಾಡು ದೂರವಿಲ್ಲ. ಈ ನಿಲ್ದಾಣದ ಮೂಲಕ ಹಾದುಹೋಗುವ ಬೆಂಗಳೂರು–ತುಮಕೂರು ರೈಲು ಮಾರ್ಗ 1884ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಮೀಟರ್ ಗೇಜ್ ಆಗಿ ತೆರೆಯಿತು.

ಆ ಕಾಲದ ರೈಲೆಂದರೆ ಮರದ ಮೇಲೆ ಮಲಗಿದ ಕಬ್ಬಿಣ. ಭಾರತದ ಹಳಿಗಳಿಗೆ ಮೈಲಿಯೊಂದಕ್ಕೆ ಸುಮಾರು 1760ರಿಂದ 2000 ಸ್ಲೀಪರುಗಳು ಬೇಕಾಗುತ್ತಿದ್ದವು. ಮಳೆ, ಬಿಸಿಲು, ಗೆದ್ದಲಿಗೆ ಸಿಕ್ಕಿದ ಮರ ಕೆಲವೇ ವರ್ಷಗಳಲ್ಲಿ ಹಾಳಾಗುತ್ತಿದ್ದುದರಿಂದ ಅಷ್ಟನ್ನೂ ಮತ್ತೆ ಮತ್ತೆ ಬದಲಿಸಬೇಕಿತ್ತು. ತೇಗ, ಸಾಲ, ದೇವದಾರುಗಳ ಕಾಡುಗಳ ಮೇಲೆ ಈ ಬೇಡಿಕೆ ಬಂದು ಬಿದ್ದಿತು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿ, 1856ರಲ್ಲಿ ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್, ದಕ್ಷಿಣ ಭಾರತದ ಕಾಡುಗಳ ಕುರಿತು 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರೈಲ್ವೆಯ ಮರದ ಹಸಿವನ್ನು ಕಳವಳದಿಂದಲೇ ದಾಖಲಿಸಿದ. 1864ರಲ್ಲಿ ಭಾರತದ ಅರಣ್ಯ ಇಲಾಖೆ ಹುಟ್ಟಲು ಮುಖ್ಯ ಕಾರಣಗಳಲ್ಲೊಂದು ರೈಲ್ವೆಗೆ ತಡೆಯಿಲ್ಲದೆ ಮರ ಒದಗಿಸಬೇಕೆಂಬ ತುರ್ತು. ಮೈಸೂರು ಸಂಸ್ಥಾನದ ಅರಣ್ಯಾಡಳಿತವೂ ಅದೇ ವರ್ಷ ಆರಂಭವಾಯಿತು. ಕಾಡು ಕಾಯಲೆಂದು ಕಟ್ಟಿದ ಇಲಾಖೆಗೆ ಮೊದಲ ದಿನದಿಂದಲೇ ಒಬ್ಬ ಭಾರಿ ಸರ್ಕಾರಿ ಗಿರಾಕಿ ಕಾದಿದ್ದ.

ಸ್ವಾತಂತ್ರ್ಯದ ನಂತರ ಒಳ್ಳೆಯ ಜಾತಿಯ ಮರ ಸಿಗುವುದೇ ಕಷ್ಟವಾಯಿತು. ರೈಲ್ವೆ 1960–70ರ ದಶಕಗಳಲ್ಲಿ ಕಾಂಕ್ರೀಟ್ ಸ್ಲೀಪರಿನತ್ತ ಹೊರಳಿತು. ಮರಕ್ಕಿಂತ ಭಾರವಾದ, ಐವತ್ತು ವರ್ಷದಷ್ಟು ಬಾಳುವ ಈ ಸ್ಲೀಪರ್ ವೇಗದ ರೈಲಿಗೂ ಹೊಂದಿಕೊಂಡಿತು. 1992ರಲ್ಲಿ ಶುರುವಾದ ಏಕರೂಪ ಗೇಜ್ ಯೋಜನೆಯಲ್ಲಿ ದೇಶದ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆಗುತ್ತಾ ಹೋದಾಗ ಕಾಂಕ್ರೀಟೇ ಸಾಮಾನ್ಯ ನಿಯಮವಾಯಿತು. ಆ ದಶಕದಲ್ಲೇ ಪರಿವರ್ತನೆಯಾದ ಹಿರೇಹಳ್ಳಿಯ ಹಳಿಯಲ್ಲಿ ಇಂದು ಕಾಣುವುದೂ ಕಾಂಕ್ರೀಟ್ ಸಾಲೇ. ಮರದ ಸ್ಲೀಪರ್ ಸೇತುವೆಗಳಂಥ ಕೆಲವೇ ಜಾಗಗಳಿಗೆ ಸರಿದು, ಅಲ್ಲಿಂದಲೂ ಹಿಂದೆಗೆಯುತ್ತಿದೆ.

ಇದರಲ್ಲಿ ಅರಣ್ಯ ಕಾಳಜಿಯಷ್ಟೇ ಇರಲಿಲ್ಲ. ಮರದ ಅಭಾವ, ಬೆಲೆ, ಸುರಕ್ಷತೆ ಎಲ್ಲವೂ ಕೂಡಿದ್ದವು. ಆದರೂ ಪರಿಣಾಮ ಸ್ಪಷ್ಟ: ದೇಶದ ಅತಿ ದೊಡ್ಡ ಮರದ ಗಿರಾಕಿಗಳಲ್ಲೊಂದು ತನ್ನ ಖರೀದಿಯ ವಿವರಣೆಯನ್ನು ಬದಲಿಸಿದ್ದೇ ತಡ, ಒಂದು ಇಡೀ ವ್ಯಾಪಾರ ಕಾಡಿನಿಂದ ಹೊರಬಂದಿತು. ಕಾಂಕ್ರೀಟಿಗೂ ತನ್ನದೇ ಪರಿಸರ ವೆಚ್ಚವಿದೆ. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕುಲುಮೆಯ ಇಂಧನ, ಇಂಗಾಲ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

1988ರ ನೀತಿ, 1993ರ ನಿಷೇಧ, 1996ರ ಆದೇಶ

1988ರ ರಾಷ್ಟ್ರೀಯ ಅರಣ್ಯ ನೀತಿ ಎರಡು ಮಾತುಗಳನ್ನು ಖಚಿತವಾಗಿ ಹೇಳಿತು. ಕೈಗಾರಿಕೆಗಳಿಗೆ ಅರಣ್ಯ ಉತ್ಪನ್ನವನ್ನು ರಿಯಾಯಿತಿ ದರದಲ್ಲಿ ಕೊಡುವುದು ನಿಲ್ಲಬೇಕು. ಮರಕ್ಕೆ ಬದಲಿ ವಸ್ತುಗಳ ಬಳಕೆ ಹೆಚ್ಚಬೇಕು. ಐದು ವರ್ಷದ ನಂತರ, 1993ರಲ್ಲಿ, ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರ ಬಳಸುವುದನ್ನೇ ನಿಷೇಧಿಸಿತು. ಕೇಂದ್ರ ಸರ್ಕಾರದ ಕಚೇರಿ, ವಸತಿಗೃಹಗಳ ಬಾಗಿಲು, ಕಿಟಕಿ, ಚೌಕಟ್ಟುಗಳಿಗೆ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಂದವು. ಅರಣ್ಯ ಉಳಿಸಲು ಖರೀದಿ ನಿಯಮವನ್ನು ನೇರವಾಗಿ ಬಳಸಿದ ಭಾರತದ ಅತ್ಯಂತ ಸ್ಪಷ್ಟ ಉದಾಹರಣೆ ಇದು.

1996ರ ಡಿಸೆಂಬರ್ 12ರಂದು ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಇನ್ನೂ ಮುಂದೆ ಹೋಯಿತು. ಈಶಾನ್ಯದ ಏಳು ರಾಜ್ಯಗಳಿಂದ ಕಡಿದ ಮರವನ್ನು ರೈಲು, ರಸ್ತೆ, ಜಲಮಾರ್ಗ ಯಾವುದರಲ್ಲೂ ಹೊರಗೆ ಸಾಗಿಸಬಾರದು ಎಂದಿತು. ರೈಲ್ವೆ ಎಷ್ಟು ಮರ ಬಳಸುತ್ತಿದೆ, ಅದು ಎಲ್ಲಿಂದ ಬರುತ್ತಿದೆ, ಬದಲಿಗೆ ಏನು ಕ್ರಮ ಕೈಗೊಂಡಿದೆ ಎಂದು ಪ್ರಮಾಣಪತ್ರ ಸಲ್ಲಿಸುವಂತೆಯೂ ಕೇಳಿತು. ಇಂದು ಯುರೋಪಿನ ಕಾನೂನುಗಳು ಕಂಪನಿಗಳಿಗೆ ಕೇಳುತ್ತಿರುವ ಪ್ರಶ್ನೆಯನ್ನು ಭಾರತದ ನ್ಯಾಯಾಲಯ ತನ್ನದೇ ಸರ್ಕಾರಿ ಗಿರಾಕಿಗೆ ಅಂದೇ ಹಾಕಿತ್ತು. ಆದರೆ ಅದೇ ಆದೇಶ ರಕ್ಷಣಾ ಇಲಾಖೆಗೂ ಇತರ ಸರ್ಕಾರಿ ಉದ್ದೇಶಗಳಿಗೂ ಬೇಕಾದ ದೃಢೀಕೃತ ಮರದ ಸಾಗಣೆಗೆ ವಿನಾಯಿತಿ ಕೊಟ್ಟಿತು. ಸರ್ಕಾರಿ ಖರೀದಿಯನ್ನು ನಿಯಮದ ಒಳಗೆ ತರುವುದೇ ಏಕೆ ಮುಖ್ಯ ಎಂಬುದಕ್ಕೆ ಈ ವಿನಾಯಿತಿಯೇ ಉತ್ತರ.

ಮರದ ಮೇಲಿನ ಪೂರ್ಣ ನಿಷೇಧ ಕೊನೆಗೆ ನಿಲ್ಲಲಿಲ್ಲ. 2020ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಅದನ್ನು ಹಿಂದಕ್ಕೆ ಪಡೆಯಿತು. ರೈತರು ತಮ್ಮ ಹೊಲದ ಬದುವಿನಲ್ಲಿ ಬೆಳೆದ ಮರಕ್ಕೆ ಬೇಡಿಕೆ ಬೇಕು, ಚೆನ್ನಾಗಿ ಬೆಳೆಸಿದ ಮರ ಇಂಗಾಲವನ್ನು ಹಿಡಿದಿಡುತ್ತದೆ, ಬದಲಿಯಾಗಿ ಬಂದ ಲೋಹ ಮತ್ತು ಪ್ಲಾಸ್ಟಿಕ್ ಹೆಚ್ಚು ಶಕ್ತಿ ನುಂಗುತ್ತವೆ ಎಂಬುವು ಇದರ ಹಿಂದಿನ ವಾದಗಳು. ಅವುಗಳಲ್ಲಿ ಹುರುಳಿದೆ. 1993ರ ನಿಯಮ ಮರ ಬೇಡ ಎಂದಿತೇ ಹೊರತು ಯಾವ ಮರ ಎಂದು ಕೇಳಲಿಲ್ಲ. ಸಹ್ಯಾದ್ರಿಯ ಕಾಡಿನಿಂದ ಕದ್ದ ಬೀಟೆಗೂ ತುಮಕೂರು ಜಿಲ್ಲೆಯ ಗುಬ್ಬಿಯ ರೈತ ನೆಟ್ಟು ಬೆಳೆಸಿದ ಸಿಲ್ವರ್ ಓಕಿಗೂ ಅದು ವ್ಯತ್ಯಾಸ ಮಾಡಲಿಲ್ಲ. ನಿಷೇಧ ತೆಗೆದಾಗಲೂ ಮೂಲದ ಪ್ರಶ್ನೆ ನಿಯಮದ ಕೇಂದ್ರಕ್ಕೆ ಬರಲಿಲ್ಲ.

ಸರ್ಕಾರವೇ ಮಾರಾಟಗಾರನಾದಾಗ

ಕರ್ನಾಟಕದ ಅನುಭವದಲ್ಲಿ ಖರೀದಿಯ ಜೊತೆಗೇ ಮಾರಾಟದ ಮುಖವೂ ಇದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಮುಂದೆ ಸರ್ಕಾರಿ ಕಂಪನಿಯಾಯಿತು. ಮಲೆನಾಡಿನಲ್ಲಿ 30 ಸಾವಿರ ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿಯನ್ನು ಗುತ್ತಿಗೆಗೆ ಪಡೆದು ಅಕೇಶಿಯಾ, ನೀಲಗಿರಿ ನೆಡುತೋಪುಗಳನ್ನು ಬೆಳೆಸಿತು. ಕಾರ್ಖಾನೆಯ ಯಂತ್ರಗಳು ನಿಂತ ಮೇಲೂ 2020ರಲ್ಲಿ ಆ ಗುತ್ತಿಗೆಯನ್ನು 40 ವರ್ಷ ಮುಂದುವರಿಸುವ ನಿರ್ಧಾರ ಬಂದಾಗ ಮಲೆನಾಡಿನ ಜನ ಬೀದಿಗಿಳಿದರು. ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರನ್ನು ಬಹಳ ಅಗ್ಗದ ದರಕ್ಕೆ ಕೊಡಲಾಗಿತ್ತು. ಬುಟ್ಟಿ ಹೆಣೆಯುವ ಮೇದರಿಗೆ ಬಿದಿರು ಸಿಗದಂತಾಯಿತು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಸಹೋದ್ಯೋಗಿಗಳೊಂದಿಗೆ ಅಧ್ಯಯನ ನಡೆಸಿದಾಗ, ಕಾಡಿನಲ್ಲಿ ಬಿದಿರು ಎಷ್ಟಿದೆ ಎಂಬ ಮೂಲ ಅಂದಾಜೇ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತೆಂಬುದು ಹೊರಬಿತ್ತು.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ತಬ್ಬಿಕೊಂಡರು. ಪಾಂಡುರಂಗ ಹೆಗಡೆ ಮುನ್ನಡೆಸಿದ ಈ ಅಪ್ಪಿಕೋ ಚಳವಳಿ ಎದುರಿಸಿದ್ದು ಕಳ್ಳಸಾಗಣೆಯನ್ನಲ್ಲ, ಇಲಾಖೆಯ ಅನುಮತಿ ಪಡೆದೇ ನಡೆಯುತ್ತಿದ್ದ ಕಡಿತಲೆಯನ್ನು. ಮರುವರ್ಷ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಂಪನಿಯ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಹುಟ್ಟಿ, ಹಳ್ಳಿಗರ ಗೋಮಾಳ ಮತ್ತು ಸಮುದಾಯ ಭೂಮಿ ನೀಲಗಿರಿ ನೆಡುತೋಪಿಗೆ ಹೊರಟಿತು. ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರಲ್ಲಿ ಕುಸನೂರಿನಲ್ಲಿ ನಡೆದ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಖರೀದಿ ನಿಯಮ ಬರೆಯುವವರು ಈ ಚರಿತ್ರೆಯಿಂದ ಕಲಿಯಬೇಕಾದದ್ದಿದೆ. ಸರಕು ಕಾನೂನುಬದ್ಧವಾಗಿದೆ ಎಂಬ ಒಂದೇ ಪುರಾವೆ ಸಾಲದು. ಕಳಸೆಯಲ್ಲಿ ಬೀಳುತ್ತಿದ್ದ ಮರಕ್ಕೂ ಪರವಾನಗಿ ಇತ್ತು.

ಕಾನೂನು ಏನು ಹೇಳುತ್ತದೆ

ರಾಜ್ಯದ ಇಲಾಖೆಗಳು, ನಿಗಮಗಳು, ಸ್ಥಳೀಯ ಸಂಸ್ಥೆಗಳು ಕೊಳ್ಳುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅಡಿಯಲ್ಲಿ. ಅದರ 13ನೆಯ ಪ್ರಕರಣದ ಪ್ರಕಾರ ಅತಿ ಕಡಿಮೆ ಟೆಂಡರನ್ನು ಒಪ್ಪಿಕೊಳ್ಳಬೇಕು. ಇಲಾಖೆಗಳಲ್ಲಿ ಇದನ್ನು ‘ಎಲ್-1’ ಎನ್ನುತ್ತಾರೆ. ಕಾಡಿನ ಬಗ್ಗೆ ಮಾತೆತ್ತಿದರೆ ಬರುವ ಮೊದಲ ಉತ್ತರವೂ ಇದೇ: ಕಡಿಮೆ ದರ ಬಿಟ್ಟು ಬೇರೆಯದನ್ನು ನೋಡಿದರೆ ಆಡಿಟ್ ಆಕ್ಷೇಪಣೆ ಬರುತ್ತದೆ.

ಆದರೆ ಆ ಪ್ರಕರಣ ಹೇಳುವುದು ಟೆಂಡರ್ ದಾಖಲೆಯಲ್ಲಿ ವಿವರಿಸಿದ ಮೌಲ್ಯಮಾಪನದ ಮಾನದಂಡಗಳ ಮೇಲೆ ನಿರ್ಧಾರವಾದ ಅತಿ ಕಡಿಮೆ ಟೆಂಡರ್ ಎಂದು. ಮಾನದಂಡ ಬರೆಯುವುದು ಕೊಳ್ಳುವ ಇಲಾಖೆಯೇ. ಸರಕಿನ ವಿವರಣೆಯಲ್ಲೇ ಮೂಲದ ಷರತ್ತು ಸೇರಿಸಿದರೆ, ಅದನ್ನು ಪೂರೈಸಿದವರ ನಡುವೆ ದರದ ಸ್ಪರ್ಧೆ ಎಂದಿನಂತೆಯೇ ನಡೆಯುತ್ತದೆ.

ಖರೀದಿಯ ಮೂಲಕ ಸಾರ್ವಜನಿಕ ಗುರಿ ಸಾಧಿಸುವುದು ಈ ಕಾಯ್ದೆಗೆ ಹೊಸದೂ ಅಲ್ಲ. 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಮೀಸಲಾತಿಯನ್ನು ತಿದ್ದುಪಡಿಯ ಮೂಲಕ ತರಲಾಯಿತು. ಮಿತಿಯನ್ನು ಮುಂದೆ 1 ಕೋಟಿಗೆ ಏರಿಸಲಾಯಿತು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಧಿಸೂಚಿತ ವಿದ್ಯುತ್ ಉಪಕರಣಗಳನ್ನು ಕೊಳ್ಳುವಾಗ ನಿಗದಿತ ಸ್ಟಾರ್ ರೇಟಿಂಗ್ ಇರಲೇಬೇಕೆನ್ನುತ್ತವೆ. ಫ್ಯಾನಿಗೆ ಸ್ಟಾರ್ ಕೇಳುವ ಕಚೇರಿ ಮೇಜಿಗೆ ಮರದ ಮೂಲ ಕೇಳುವುದರಲ್ಲಿ ಕಾನೂನಿನ ಅಡ್ಡಿಯಿಲ್ಲ. ಸಾರ್ವಜನಿಕ ಖರೀದಿಯನ್ನು ಸುಸ್ಥಿರಗೊಳಿಸುವ ಬಗ್ಗೆ ಕೇಂದ್ರ ಹಣಕಾಸು ಸಚಿವಾಲಯ 2018ರಲ್ಲಿ ಕಾರ್ಯಪಡೆಯನ್ನೂ ರಚಿಸಿತ್ತು.

ತುಮಕೂರು ಸೀಮೆಯಲ್ಲಿ ರಾಜ್ಯ ಮತ್ತು ಕೇಂದ್ರದ ಎರಡೂ ಖರೀದಿ ವ್ಯವಸ್ಥೆಗಳು ಅಕ್ಕಪಕ್ಕದಲ್ಲಿವೆ. ಜಿಲ್ಲಾ ಕಚೇರಿಗಳು, ಗುಬ್ಬಿ–ಕುಣಿಗಲ್‌ನ ತಾಲ್ಲೂಕು ಕಚೇರಿಗಳು, ಸರ್ಕಾರಿ ಶಾಲೆಗಳು ರಾಜ್ಯದ ಕಾಯ್ದೆಯಡಿ ಕೊಳ್ಳುತ್ತವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಹಿರೇಹಳ್ಳಿಯ ಮೂಲಕ ಓಡುವ ರೈಲು ಇವು ಕೇಂದ್ರದ ಕಡೆಯ ಗಿರಾಕಿಗಳು. ಒಂದೇ ಜಿಲ್ಲೆಯ ಪೀಠೋಪಕರಣ ತಯಾರಕ ಇಬ್ಬರಿಗೂ ಮಾಲು ಕೊಡಬಹುದು. ಎರಡೂ ಕಡೆ ಒಂದೇ ಬಗೆಯ ಮೂಲದ ದಾಖಲೆ ಕೇಳಿದರೆ ಅವನ ಹೊರೆ ಅರ್ಧವಾಗುತ್ತದೆ.

ಹೊರಗಿನ ದೇಶಗಳ ದಾರಿ

ಉಷ್ಣವಲಯದ ಮರದ ವಿರುದ್ಧ ಯುರೋಪಿನ ಹಲವು ನಗರಸಭೆಗಳು 1980ರ ದಶಕದ ಕೊನೆಯ ಹೊತ್ತಿಗೇ ಬಹಿಷ್ಕಾರ ಹೂಡಿದ್ದವು. ಬಹಿಷ್ಕಾರ ಬಡ ದೇಶಗಳ ಒಳ್ಳೆಯ ಮರವನ್ನೂ ಹೊರಗಿಟ್ಟಿತು. ಮರ ಮಾರಾಟವಾಗದ ಕಾಡನ್ನು ತೋಟಕ್ಕೆ ಸವರುವ ಅಪಾಯವೂ ಇತ್ತು. ಹಾಗಾಗಿ ಮುಂದಿನ ನಿಯಮಗಳು ಪುರಾವೆಯತ್ತ ಹೊರಳಿದವು. ಬ್ರಿಟನ್ 2000ದಲ್ಲಿ ಕೇಂದ್ರ ಇಲಾಖೆಗಳಿಗೆ ಮರದ ಖರೀದಿ ನೀತಿ ತಂದಿತು. ಅದರ ನಂತರವೂ 2002ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಯೊಂದಕ್ಕೆ ಆಫ್ರಿಕದ ಮಳೆಕಾಡಿನ ಮರದ ಬಾಗಿಲುಗಳು ಬಂದಿದ್ದನ್ನು ಗ್ರೀನ್‌ಪೀಸ್ ಕಾರ್ಯಕರ್ತರು ಬಯಲಿಗೆಳೆದರು. ನೀತಿ ಇದ್ದರೂ ಪರಿಶೀಲನೆ ಇರಲಿಲ್ಲ. ಆಮೇಲೆ ಇಲಾಖೆಗಳಿಗೆ ಸಲಹೆ ಕೊಡುವ ತಜ್ಞ ಕೇಂದ್ರ ಬಂತು, 2009ರಿಂದ ನಿಯಮ ಬಿಗಿಯಾಯಿತು. ಜಪಾನ್ 2001ರಿಂದ ಹಸಿರು ಖರೀದಿ ಕಾನೂನನ್ನು ಜಾರಿಗೊಳಿಸಿ, 2006ರಲ್ಲಿ ಮರದ ಕಾನೂನುಬದ್ಧತೆಯ ಪುರಾವೆಯನ್ನು ಸೇರಿಸಿತು. ನಾರ್ವೆಯ ಸಂಸತ್ತು 2016ರಲ್ಲಿ ಅರಣ್ಯನಾಶಮುಕ್ತ ಸರ್ಕಾರಿ ಖರೀದಿಯ ವಾಗ್ದಾನ ಮಾಡಿ ಜಗತ್ತಿನ ಗಮನ ಸೆಳೆಯಿತು.

ಅಮೆರಿಕದಲ್ಲಿ ದಾರಿ ಸುಗಮವಾಗಿರಲಿಲ್ಲ. ತಾಳೆ ಎಣ್ಣೆ, ಸೋಯಾ, ಮರ, ಕಾಗದ, ದನದ ಉತ್ಪನ್ನಗಳಂಥ ಸರಕುಗಳ ಮೂಲ ಕೇಳುವ ಮಸೂದೆಯನ್ನು ಕ್ಯಾಲಿಫೋರ್ನಿಯಾದ ಶಾಸನಸಭೆ 2021ರಲ್ಲಿ ಅಂಗೀಕರಿಸಿತು, ರಾಜ್ಯಪಾಲರು ಸಹಿ ಹಾಕಲಿಲ್ಲ. ನ್ಯೂಯಾರ್ಕಿನ ಇಂಥದೇ ಮಸೂದೆಗೆ 2023ರ ಡಿಸೆಂಬರಿನಲ್ಲಿ ಅದೇ ಗತಿಯಾಯಿತು. ಅನುಷ್ಠಾನದ ಹೊರೆ ಮತ್ತು ಸಣ್ಣ ವ್ಯಾಪಾರಿಗಳ ತೊಂದರೆ ಚರ್ಚೆಯುದ್ದಕ್ಕೂ ಕೇಳಿಬಂದ ಆಕ್ಷೇಪಗಳು.

ಕನ್ನಡಿಗರಿಗೆ ಹತ್ತಿರದಿಂದ ತಟ್ಟುವುದು ಐರೋಪ್ಯ ಒಕ್ಕೂಟದ 2023ರ ಕಾನೂನು. ಕಾಫಿ, ಕೋಕೋ, ರಬ್ಬರು, ತಾಳೆ ಎಣ್ಣೆ, ಸೋಯಾ, ದನ, ಮರ ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಳೆದುಕೊಂಡ ನೆಲದಿಂದ ಬಂದಿರಬಾರದು. ಬೆಳೆದ ಜಮೀನಿನ ಭೌಗೋಳಿಕ ಗುರುತನ್ನೂ ಕೊಡಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರು ಇದಕ್ಕಾಗಿ ತೋಟ ನೋಂದಾಯಿಸಬೇಕಾಗಿ ಬಂದಿದೆ. ಜಾರಿ ಪದೇ ಪದೇ ಮುಂದಕ್ಕೆ ಹೋಗಿದೆ. ನಿಯಮ ಮುರಿದ ಕಂಪನಿಗೆ ವಿಧಿಸಬಹುದಾದ ಶಿಕ್ಷೆಗಳಲ್ಲಿ ದಂಡದ ಜೊತೆಗೆ, 12 ತಿಂಗಳವರೆಗೆ ಸರ್ಕಾರಿ ಟೆಂಡರುಗಳಿಂದ ಹೊರಗಿಡುವುದೂ ಸೇರಿದೆ.

ಪಡಿತರದ ಎಣ್ಣೆ

ಭಾರತದ ಮಟ್ಟಿಗೆ ಕಾಡಿನ ಪ್ರಶ್ನೆ ಮರದಲ್ಲಿ ಮುಗಿಯುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಇದು. ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿನ ಮಳೆಕಾಡು ಮತ್ತು ಜೌಗುಕಾಡುಗಳನ್ನು ಸವರಿ ತಾಳೆ ತೋಟ ಹಬ್ಬಿಸಿದ್ದು ಕಳೆದ ನಾಲ್ಕು ದಶಕಗಳ ದೊಡ್ಡ ಅರಣ್ಯನಾಶಗಳಲ್ಲೊಂದು. 2008ರಲ್ಲಿ ಬೆಲೆ ಏರಿದಾಗ ಕೇಂದ್ರ ಸರ್ಕಾರ ಆಮದು ಎಣ್ಣೆಯನ್ನು ಕಿಲೋಗೆ 15 ರೂಪಾಯಿ ಸಬ್ಸಿಡಿಯಲ್ಲಿ ರಾಜ್ಯಗಳ ಪಡಿತರಕ್ಕೆ ಕೊಡುವ ಯೋಜನೆ ತಂದಿತು. ಕರ್ನಾಟಕದಲ್ಲಿ ಅನ್ನಭಾಗ್ಯದ ಅಡಿಯಲ್ಲೂ ಕೆಲವು ಕಾಲ ತಾಳೆ ಎಣ್ಣೆ ಪಡಿತರ ಅಂಗಡಿಗೆ ಬಂದಿತ್ತು.

ಬಡವರ ಬಾಣಲೆಗೆ ಅಗ್ಗದ ಎಣ್ಣೆ ಬೇಕು. ಅದನ್ನು ಪ್ರಶ್ನಿಸಲು ಯಾರಿಗೂ ಹಕ್ಕಿಲ್ಲ. ಆದರೆ ಹಡಗುಗಟ್ಟಲೆ ಕೊಳ್ಳುವ ಸರ್ಕಾರಕ್ಕೆ ಮಾರಾಟಗಾರನನ್ನು ಪ್ರಶ್ನಿಸುವ ಶಕ್ತಿಯಿದೆ, ಒಂದು ಪಾಕೆಟ್ ಕೊಳ್ಳುವ ಗೃಹಿಣಿಗೆ ಅದಿಲ್ಲ. ಎಣ್ಣೆಯ ಶುದ್ಧತೆ, ತೇವಾಂಶ, ವಿಟಮಿನ್ನಿನ ಪ್ರಮಾಣ ಬರೆಯುವ ಟೆಂಡರಿನಲ್ಲಿ ತೋಟದ ಗುರುತನ್ನೂ ಕೇಳುವುದು ಇಂಥ ಸಗಟು ಖರೀದಿಯಲ್ಲೇ ಮೊದಲು ಸಾಧ್ಯ.

ಪುರಾವೆಯ ಹೊರೆ ಮತ್ತು ಹೊಲದ ಮರ

ಮೂಲದ ಪುರಾವೆ ಎಂದಾಗ ಸಾಮಾನ್ಯವಾಗಿ ಹೆಸರು ಕೇಳುವುದು ಎಫ್‌ಎಸ್‌ಸಿ, ಪಿಇಎಫ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣೀಕರಣಗಳದ್ದು. ಹಿರೇಹಳ್ಳಿಯಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೆ ಅವುಗಳ ಶುಲ್ಕ, ತಪಾಸಣೆ, ಕಡತ ಭಾರವೇ. ಕೇಂದ್ರ ಇಲಾಖೆಗಳು ತಮ್ಮ ವಾರ್ಷಿಕ ಖರೀದಿಯ ಶೇ 25ನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ ನಿಯಮವಿದೆ. ಕಾಡಿನ ಹೆಸರಿನಲ್ಲಿ ಬರುವ ಷರತ್ತು ಈ ಘಟಕಗಳನ್ನು ಹೊರದಬ್ಬಿ ದೊಡ್ಡ ಕಂಪನಿಗಳಿಗೆ ದಾರಿ ಮಾಡಿಕೊಟ್ಟರೆ ಅದು ಅನ್ಯಾಯ.

ತುಮಕೂರು ಜಿಲ್ಲೆಯ ಹೊಲಗಳಲ್ಲಿ ಇದಕ್ಕೆ ಪರಿಹಾರದ ಒಂದು ಭಾಗವಿದೆ. ಇಲ್ಲಿನ ರೈತರು ತೆಂಗು, ಅಡಿಕೆಯ ಜೊತೆಗೆ ಬದುಗಳಲ್ಲಿ ಸಿಲ್ವರ್ ಓಕ್, ಹೆಬ್ಬೇವು, ತೇಗ ಬೆಳೆಸುತ್ತಾರೆ. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಬೇರೆ ಜಾತಿಗಳ ಅಗತ್ಯ ಹೆಚ್ಚಿದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಉಳಿದು ಬೆಳೆದ ಸಸಿಗೆ ಹಣ ಕೊಡುತ್ತದೆ. ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆ ಹೆಬ್ಬೇವಿನಂಥ ಮರಗಳ ಬಗ್ಗೆ ಸಂಶೋಧನೆ ನಡೆಸಿದೆ. ತುಮಕೂರು ರಸ್ತೆಯಲ್ಲೇ 1962ರಲ್ಲಿ ಸ್ಥಾಪನೆಯಾದ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಚಾಪೆಯಿಂದ ಛಾವಣಿಯ ಅಲೆಹಾಳೆ ತಯಾರಿಸುವ ತಂತ್ರವನ್ನು ರೂಪಿಸಿತು. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ಹೊರಬಂದಿದೆ. ಕೊರತೆಯಿರುವುದು ಖಚಿತ ಗಿರಾಕಿಯದು.

ದಾಖಲೆಯ ವ್ಯವಸ್ಥೆಯೂ ಈಗ ಕೈಗೆಟುಕುವಂತಿದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಪ್ರಕಟಿಸಿತು. ಕಾಡಿನ ಹೊರಗೆ ರೈತರು ಬೆಳೆಸಿದ ಮರವೂ ಅದರ ವ್ಯಾಪ್ತಿಗೆ ಬರುತ್ತದೆ. ಅದೇ ತಿಂಗಳು ಮರದ ಸಾಗಣೆಗೆ ದೇಶಕ್ಕೆಲ್ಲ ಒಂದೇ ಆನ್‌ಲೈನ್ ರಹದಾರಿ ವ್ಯವಸ್ಥೆ ಬಂತು. ರೈತನ ಸರ್ವೆ ನಂಬರು, ಸಾಗಣೆಯ ರಹದಾರಿ, ಸಾಮಿಲ್ಲಿನ ಬಿಲ್ಲು, ತಯಾರಕನ ಸರಕುಪಟ್ಟಿ ಈ ನಾಲ್ಕನ್ನು ಜೋಡಿಸಿದರೆ ಶಾಲೆಯ ಡೆಸ್ಕಿನಿಂದ ಹೊಲದ ಬದುವಿನವರೆಗೆ ಜಾಡು ಹಿಡಿಯಬಹುದು. ಇದನ್ನು ರಾಜ್ಯದ ಇ-ಸಂಗ್ರಹಣಾ ಪೋರ್ಟಲಿನ ಮಾದರಿ ಟೆಂಡರ್ ದಾಖಲೆಗೆ ಸೇರಿಸಲು ಶಾಸನಸಭೆಯ ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರದ ಒಂದು ಆದೇಶ ಸಾಕು. ಪೀಠೋಪಕರಣ, ಕಾಗದ, ಅಡುಗೆ ಎಣ್ಣೆ ಈ ಮೂರರಿಂದ ಆರಂಭಿಸಿ, ಸಣ್ಣ ಘಟಕಗಳಿಗೆ ಎರಡು ಮೂರು ವರ್ಷದ ಕಾಲಾವಕಾಶ ಕೊಟ್ಟು, ಪ್ರಮಾಣೀಕರಣದ ಶುಲ್ಕವನ್ನು ರೈತ ಉತ್ಪಾದಕ ಕಂಪನಿಗಳ ಮೂಲಕ ಗುಂಪಾಗಿ ಭರಿಸುವ ವ್ಯವಸ್ಥೆ ಮಾಡಿದರೆ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹೊಲದ ಮರಕ್ಕೆ ತಮ್ಮದೇ ಜಿಲ್ಲೆಯ ಶಾಲೆ, ಆಸ್ಪತ್ರೆ, ಕಚೇರಿಗಳೇ ಮೊದಲ ಮಾರುಕಟ್ಟೆಯಾಗುತ್ತವೆ.